ನಾಳಗಳ ನೀರುಗಂಟಿ

(ರೇನರ್ಸ್ ಲೇನ್‌ನಲ್ಲಿ ಸೇರಿದ್ದ ಕನ್ನಡ ಕೂಟದಲ್ಲಿ ಅತಿಥಿ ವೈದ್ಯರು ಮಾಡಿದ ಉಪನ್ಯಾಸದ ಬರಹರೂಪ)



ಊರಿನಿಂದ ಬಂದ ಅತಿಥಿ ಎಂದರೆ ಪಂಪನನ್ನೋ ವಚನಕಾರರನ್ನೋ ಕುರಿತು ನಾಲ್ಕು ಮಾತು ಹೇಳಬಲ್ಲವನಾಗಿರಬೇಕು ಎಂಬ ನಿರೀಕ್ಷೆ ಸಹಜ. ನನಗೆ ಆ ಯೋಗ್ಯತೆಯಿಲ್ಲ. ಕರ್ನಾಟಕದ ಸರ್ಕಾರಿ ಆಸ್ಪತ್ರೆಯೊಂದರ ಕ್ಷ-ಕಿರಣ ವಿಭಾಗದಲ್ಲಿ ದುಡಿಯುವ ವೈದ್ಯ ನಾನು. ನಿಮ್ಮ ಕಾರ್ಯದರ್ಶಿಗಳು, "ನೀವು ಮಾಡುವ ಕೆಲಸ ಯಾವುದೆಂದು ಮನೆಯ ಹಿರಿಯರಿಗೂ ತಿಳಿಯುವಂಥ ಕನ್ನಡದಲ್ಲಿ ಹೇಳಿದರೆ ಸಾಕು" ಎಂದು ಧೈರ್ಯ ತುಂಬಿದ್ದರಿಂದ ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ತಿಳಿಯಿತು, ಅದು ಅಷ್ಟು ಸುಲಭವಲ್ಲವೆಂದು. ಏಕೆಂದರೆ ನನ್ನ ಕೆಲಸಕ್ಕೆ ಕನ್ನಡದಲ್ಲಿ ಹೆಸರಿಲ್ಲ.

ಇಂಗ್ಲಿಷಿನ ಹೆಸರು ಇಂಟರ್‌ವೆನ್ಷನಲ್ ರೇಡಿಯಾಲಜಿ. ಅಮೆರಿಕದ ಅಲೆಕ್ಸಾಂಡರ್ ಮಾರ್ಗುಲಿಸ್ 1967ರಲ್ಲಿ ಇದನ್ನು ಚಲಾವಣೆಗೆ ತಂದರು. ನಿಘಂಟು ಹಿಡಿದು ಭಾಷಾಂತರಿಸಿದರೆ 'ಮಧ್ಯಪ್ರವೇಶಿ ವಿಕಿರಣಶಾಸ್ತ್ರ' ಎಂದಾಗುತ್ತದೆ. ಕಾವೇರಿ ವಿವಾದದಲ್ಲಿ ಕೇಂದ್ರ ಸರ್ಕಾರ ತಲೆ ಹಾಕಿದಂತೆ ಕೇಳಿಸುತ್ತದೆ. ಆದ್ದರಿಂದ ನಾನು ನನ್ನ ರೋಗಿಗಳಿಗೆ ಬೇರೊಂದು ಮಾತು ಹೇಳುತ್ತೇನೆ. ಹಳೆಯ ಮೈಸೂರು ಸೀಮೆಯಲ್ಲಿ ಕೆರೆಯಿರುವ ಊರುಗಳಲ್ಲಿ ಬೆಳೆದವರಿಗೆ ನೀರುಗಂಟಿ ಗೊತ್ತಿರುತ್ತಾನೆ. ಹನ್ನೆರಡು ಮಂದಿ ಆಯಗಾರರಲ್ಲಿ ಅವನೂ ಒಬ್ಬ. ಕೆರೆ ಅವನದಲ್ಲ, ಗದ್ದೆಯೂ ಅವನದಲ್ಲ. ತೂಬು ಎತ್ತುವುದು, ಇಳಿಸುವುದು, ಕಾಲುವೆಗೆ ಹೂಳು ತುಂಬಿದರೆ ಬಿಡಿಸುವುದು, ಎಲ್ಲಾದರೂ ಒಡೆದು ನೀರು ಪೋಲಾಗುತ್ತಿದ್ದರೆ ಅಲ್ಲಿಗೆ ಓಡಿ ಕಟ್ಟುವುದು, ಇಷ್ಟು ಅವನ ಕೆಲಸ. ನಾನೂ ಅದನ್ನೇ ಮಾಡುತ್ತೇನೆ, ರಕ್ತನಾಳಗಳ ಒಳಗೆ. ಮುಚ್ಚಿಹೋದ ನಾಳವನ್ನು ತೆರೆಯುವುದು, ಒಡೆದ ನಾಳವನ್ನು ಮುಚ್ಚುವುದು. ಕೀವು ತುಂಬಿದ ಕಡೆ, ಮೂತ್ರ ಕಟ್ಟಿಕೊಂಡ ಕಡೆ ಸಣ್ಣ ನಳಿಕೆಯಿಟ್ಟು ಹೊರಗೆ ಹರಿಸುವ ಕೆಲಸವೂ ಉಂಟು. ಇದೆಲ್ಲ ಸೂಜಿ ಚುಚ್ಚಿದ ಒಂದು ರಂಧ್ರದ ಮೂಲಕ, ಹೊಟ್ಟೆ ಎದೆ ಕೊಯ್ಯದೆ, ಬಹಳಷ್ಟು ಸಲ ರೋಗಿ ಎಚ್ಚರವಾಗಿದ್ದು ನನ್ನೊಡನೆ ಮಾತನಾಡುತ್ತಿರುವಂತೆಯೇ ನಡೆಯುತ್ತದೆ.

ಇದರ ಮೂಲಸೂತ್ರವನ್ನು ಕೊಟ್ಟವರು ಸ್ವೀಡನ್ನಿನ ಸ್ವೆನ್ ಇವಾರ್ ಸೆಲ್ಡಿಂಗರ್. ಅವರ ಲೇಖನ ಪ್ರಕಟವಾದದ್ದು 1953ರಲ್ಲಿ. ಅದಕ್ಕೆ ಮುಂಚೆ ಧಮನಿಯೊಳಗೆ ನಳಿಕೆ ಹೋಗಬೇಕಾದರೆ ಚರ್ಮ ಕೊಯ್ದು ಧಮನಿಯನ್ನು ಬಿಡಿಸಬೇಕಾಗಿತ್ತು, ಇಲ್ಲವೇ ನಳಿಕೆಗಿಂತಲೂ ದಪ್ಪನಾದ ಸೂಜಿಯನ್ನು ಚುಚ್ಚಬೇಕಾಗಿತ್ತು. ಸೆಲ್ಡಿಂಗರ್ ಸಪೂರ ಸೂಜಿ ಚುಚ್ಚಿದರು. ಅದರೊಳಗಿಂದ ಬಳುಕುವ ತಂತಿಯೊಂದನ್ನು ಧಮನಿಗೆ ಇಳಿಸಿದರು. ಸೂಜಿಯನ್ನು ಹಿಂದಕ್ಕೆಳೆದು ತಂತಿಯ ಮೇಲೆಯೇ ನಳಿಕೆಯನ್ನು ಜಾರಿಸಿದರು. ಪಿನ್ನಿನ ಹಿಂದೆ ಲಾಡಿ ಸಾಗುವಂತೆ ತಂತಿಯ ಹಿಂದೆ ನಳಿಕೆ ಸಾಗುತ್ತದೆ. ನಮ್ಮ ತಾಯಂದಿರು ಪಾಯಿಜಾಮಕ್ಕೆ ಲಾಡಿ ಪೋಣಿಸುವಾಗ ಬೆರಳ ತುದಿಯಲ್ಲೇ ಪಿನ್ನು ಎಲ್ಲಿದೆಯೆಂದು ಅರಿಯುತ್ತಿದ್ದರಲ್ಲ, ನಮಗೂ ಅದೇ ಬೆರಳು ಬೇಕು. ಕಣ್ಣಿಗೆ ಕ್ಷ-ಕಿರಣದ ಪರದೆಯಿದೆ, ಅಯೋಡಿನ್ ಬೆರೆತ ದ್ರವ ಬಿಟ್ಟರೆ ನಾಳಗಳು ಮರದ ಕೊಂಬೆಗಳಂತೆ ಮೂಡುತ್ತವೆ. ನಾವು ಬಳಸುವ ಸಾಮಾನ್ಯ ನಳಿಕೆಯ ದಪ್ಪ ಒಂದೂಮುಕ್ಕಾಲು ಮಿಲಿಮೀಟರಿಗೂ ಕಡಿಮೆ. ಅದರ ಒಳಗೆ ಹೋಗುವ ಇನ್ನೊಂದು ನಳಿಕೆ ಒಂದು ಮಿಲಿಮೀಟರಿಗೂ ಕಿರಿದು.

ಈ ಸಭೆ ನಡೆಯುತ್ತಿರುವ ಸ್ಥಳದ ಬಗ್ಗೆಯೂ ಒಂದು ಮಾತು ಹೇಳಬೇಕು. ನನ್ನ ವೃತ್ತಿಯವರಿಗೆ ಇದು ಸಣ್ಣದೊಂದು ಪುಣ್ಯಕ್ಷೇತ್ರ. ಇಲ್ಲಿಂದ ಕೆಲವೇ ಮೈಲಿ ದೂರದ ಹೇಯ್ಸ್‌ನಲ್ಲಿದ್ದ ಇ.ಎಂ.ಐ. ಕಂಪನಿಯ ಪ್ರಯೋಗಶಾಲೆಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಸಿ.ಟಿ. ಸ್ಕ್ಯಾನರನ್ನು ರೂಪಿಸಿದರು. 1971ರ ಅಕ್ಟೋಬರ್ 1ರಂದು ವಿಂಬಲ್ಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮಿದುಳನ್ನು ಅದು ಚಿತ್ರಿಸಿತು. ತಲೆಗಷ್ಟೇ ಸೀಮಿತವಾಗಿದ್ದ ಯಂತ್ರ ಇಡೀ ದೇಹಕ್ಕೆ ವಿಸ್ತರಿಸಿದಾಗ, 1975ರಲ್ಲಿ, ಅದು ಬಂದು ಕುಳಿತದ್ದು ನಿಮ್ಮ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯಲ್ಲಿ. ನಿಮ್ಮಲ್ಲಿ ಅನೇಕರ ಮಕ್ಕಳು ಹುಟ್ಟಿದ ಆಸ್ಪತ್ರೆ ಅದೇ ಇರಬಹುದು. ಬೀಟಲ್ಸ್ ಹಾಡುಗಳಿಂದ ಬಂದ ಹಣದಲ್ಲಿ ಸ್ಕ್ಯಾನರ್ ಹುಟ್ಟಿತೆಂಬ ಕಥೆ ಕೇಳಲು ಚೆನ್ನಾಗಿದೆ. ಆದರೆ ಆ ಸಂಶೋಧನೆಯಲ್ಲಿ ಈ ದೇಶದ ಸರ್ಕಾರದ ಆರೋಗ್ಯ ಇಲಾಖೆಯ ಹಣವೂ ಸಾಕಷ್ಟಿತ್ತು ಎಂಬುದನ್ನು ಸರ್ಕಾರಿ ನೌಕರನಾದ ನಾನು ಎಲ್ಲಿ ಹೋದರೂ ಹೇಳುತ್ತೇನೆ.

ನೋಡುವುದಷ್ಟೇ ಆಗಿದ್ದ ವಿದ್ಯೆ ವಾಸಿ ಮಾಡುವ ವಿದ್ಯೆಯಾಗಿ ತಿರುಗಿದ್ದು ಒಬ್ಬ ಅಜ್ಜಿಯ ಹಟದಿಂದ. ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ 82 ವರ್ಷದ ಆಕೆಯ ಪಾದ ಕೊಳೆಯತೊಡಗಿತ್ತು. ಕಾಲು ತೆಗೆಯಬೇಕೆಂದು ಶಸ್ತ್ರವೈದ್ಯರು ಹೇಳಿದರು, ಆಕೆ ಒಪ್ಪಲಿಲ್ಲ. 1964ರ ಜನವರಿ 16ರಂದು ಚಾರ್ಲ್ಸ್ ಡಾಟರ್ ಎಂಬ ವಿಕಿರಣತಜ್ಞರು ಆಕೆಯ ತೊಡೆಯ ಧಮನಿಯ ಕಿರಿದಾದ ಭಾಗದಲ್ಲಿ ತಂತಿ ತೂರಿಸಿ, ಅದರ ಮೇಲೆ ಒಂದಕ್ಕಿಂತ ಒಂದು ದಪ್ಪನೆಯ ನಳಿಕೆಗಳನ್ನು ಸಾಗಿಸಿ ದಾರಿ ಅಗಲ ಮಾಡಿದರು. ತಣ್ಣಗಿದ್ದ ಪಾದ ನಿಮಿಷಗಳಲ್ಲಿ ಬೆಚ್ಚಗಾಯಿತು. ಅಜ್ಜಿ ಸುಮಾರು ಎರಡೂವರೆ ವರ್ಷ ತನ್ನದೇ ಕಾಲ ಮೇಲೆ ಓಡಾಡಿ, ಕಾಲಿಗೆ ಸಂಬಂಧವಿಲ್ಲದ ಕಾಯಿಲೆಯಿಂದ ತೀರಿಕೊಂಡಳು. ಹೀಗಿದ್ದರೂ ಡಾಟರನ್ನು ಅವರ ದೇಶದ ಶಸ್ತ್ರವೈದ್ಯರು ಬಹುಕಾಲ ನಂಬಲಿಲ್ಲ. ರೋಗಿಯನ್ನು ಅವರಲ್ಲಿಗೆ ಕಳಿಸುವ ಚೀಟಿಯ ಮೇಲೆ, ಚಿತ್ರ ತೆಗೆಯಿರಿ, ಆದರೆ ಸರಿಪಡಿಸಲು ಹೋಗಬೇಡಿ ಎಂಬರ್ಥದ ಮಾತನ್ನು ದಪ್ಪಕ್ಷರದಲ್ಲಿ ಬರೆದು ಕಳಿಸಿದವರೂ ಇದ್ದರು. ಮುಂದೆ ಜ್ಯೂರಿಕ್ಕಿನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ತಮ್ಮ ಅಡುಗೆಮನೆಯ ಮೇಜಿನ ಮೇಲೆ ಪುಟ್ಟ ಬಲೂನುಗಳನ್ನು ಅಂಟಿಸಿ ತಯಾರಿಸಿ, 1977ರ ಸೆಪ್ಟೆಂಬರಿನಲ್ಲಿ ಹೃದಯದ ಧಮನಿಯನ್ನೂ ತೆರೆದರು. ಅಲ್ಲಿಂದ ಹೃದಯದ ಕೆಲಸ ಹೃದ್ರೋಗತಜ್ಞರ ಪಾಲಾಯಿತು. ಜಯದೇವ ಆಸ್ಪತ್ರೆಯ ಹೆಸರು ಕೇಳದ ಕನ್ನಡಿಗನಿಲ್ಲ; ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿ ಬಡವನ ಎದೆಗೂ ಬಲೂನು ತಲುಪಿದ್ದು ಆ ಸರ್ಕಾರಿ ಸಂಸ್ಥೆಯಿಂದ. ಹೃದಯ ಬಿಟ್ಟು ಉಳಿದ ದೇಹದ ಕತೆ ಮಾತ್ರ ಅಷ್ಟು ಸುಖವಾಗಿಲ್ಲ. ಅದನ್ನು ಹೇಳಲೆಂದೇ ನಿಂತಿದ್ದೇನೆ.

ಸರ್ಕಾರಿ ಆಸ್ಪತ್ರೆಗೆ ಬರುವವರು ಯಾರು? ಮೈಸೂರಿನವರು ಕೆ.ಆರ್. ಆಸ್ಪತ್ರೆಯನ್ನು ಇಂದಿಗೂ ದೊಡ್ಡಾಸ್ಪತ್ರೆ ಎನ್ನುತ್ತಾರೆ. ದೊಡ್ಡ ಕಾಯಿಲೆಯಾದಾಗ, ಕೈಯಲ್ಲಿದ್ದ ಹಣ ಬೇರೆಡೆ ಮುಗಿದ ಮೇಲೆ, ಬಂದು ಸೇರುವ ಜಾಗ ಎಂಬ ಅರ್ಥವೂ ಆ ಮಾತಿನಲ್ಲಿದೆ. ನಮ್ಮಲ್ಲಿಗೆ ಬರುವ ಕಾಲುಗಳನ್ನೇ ನೋಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋಗಿರುತ್ತದೆ, ಹೊಲದಲ್ಲಿ ಮುಳ್ಳು ಚುಚ್ಚಿದ್ದು ತಿಳಿಯುವುದಿಲ್ಲ, ಹೆಬ್ಬೆರಳು ಕಪ್ಪಾದಾಗ ಅರಿಸಿನ ಮೆತ್ತುತ್ತಾರೆ, ವಾಸನೆ ಬಂದಾಗ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಜಿಲ್ಲೆ, ಅಲ್ಲಿಂದ ನಾವು. ಮೊಣಕಾಲ ಕೆಳಗೆ ಮೂರು ಧಮನಿಗಳಿವೆ, ಒಂದೊಂದೂ ಎರಡು ಮೂರು ಮಿಲಿಮೀಟರು. ಮೂರೂ ಮುಚ್ಚಿರುತ್ತವೆ. ಮೂರನ್ನೂ ತೆರೆಯಬೇಕಾಗಿಲ್ಲ; ಪಾದದವರೆಗೆ ಒಂದೇ ಒಂದು ಕಾಲುವೆ ಹರಿದರೂ ಎಷ್ಟೋ ಸಲ ಗಾಯ ಮಾಯುತ್ತದೆ, ಕಾಲು ಹೋಗುವ ಕಡೆ ಬೆರಳು ಹೋಗಿ ನಿಲ್ಲುತ್ತದೆ. ಕೂಲಿ ಮಾಡುವವನಿಗೆ ಬೆರಳಿಗೂ ಕಾಲಿಗೂ ಇರುವ ಅಂತರವೆಂದರೆ ಇಡೀ ಸಂಸಾರ. ಇನ್ನು ಕೆಲವರು ಚಿಕ್ಕ ವಯಸ್ಸಿನವರು, ಬೀಡಿ ಸೇದಿ ಸೇದಿ ಕೈಕಾಲುಗಳ ಸಣ್ಣ ನಾಳಗಳೆಲ್ಲ ಬತ್ತಿದವರು. ಅವರ ವಿಷಯದಲ್ಲಿ ನನ್ನ ತಂತಿ ಬಲೂನುಗಳು ಹೆಚ್ಚೇನೂ ಮಾಡಲಾರವು. ಬೀಡಿ ಬಿಟ್ಟವನ ಕಾಲು ಉಳಿಯುತ್ತದೆ, ಅಷ್ಟೇ.

ನಮ್ಮಲ್ಲಿ ಬಹಳವಾಗಿ ಕಾಣುವ, ನಿಮ್ಮ ಲಂಡನ್ನಿನ ವೈದ್ಯರು ಅಪರೂಪಕ್ಕೆ ಕಾಣುವ ಒಂದು ಸಂಕಟವನ್ನು ಸ್ವಲ್ಪ ವಿವರಿಸುತ್ತೇನೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದವರು. ಔಷಧ ತೆಗೆದುಕೊಂಡು ರೋಗ ವಾಸಿಯಾದ ಮೇಲೂ ಶ್ವಾಸಕೋಶದಲ್ಲಿ ಪೊಳ್ಳುಗಳು, ಕಲೆಗಳು ಉಳಿಯುತ್ತವೆ. ಅವುಗಳ ಸುತ್ತ ಹೊಸ ನಾಳಗಳು ಬೆಳೆದು ಊದಿಕೊಳ್ಳುತ್ತವೆ. ವರ್ಷಗಳ ನಂತರ ಒಂದು ದಿನ, ಕೆಮ್ಮಿದಾಗ ಬಟ್ಟಲು ತುಂಬ ಕೆಂಪು ರಕ್ತ. ಜನ ತಿಳಿದಿರುವಂತೆ ರೋಗಿ ಸಾಯುವುದು ರಕ್ತ ಕಳೆದುಕೊಂಡು ಅಲ್ಲ. ನಮ್ಮ ಉಸಿರಿನ ದೊಡ್ಡ ಕೊಳವೆಗಳಲ್ಲಿ ಹಿಡಿಯುವುದು ಸುಮಾರು 150 ಮಿಲಿಲೀಟರು ಮಾತ್ರ. ಒಂದು ಲೋಟ ರಕ್ತ ಅಲ್ಲಿ ಹೆಪ್ಪುಗಟ್ಟಿದರೆ ಮನುಷ್ಯ ನೆಲದ ಮೇಲೆಯೇ ಮುಳುಗಿ ಸಾಯುತ್ತಾನೆ.

ಇಂಥವರು ಬರುವುದು ಬಹುಪಾಲು ರಾತ್ರಿ. ಕಲ್ಲುಗಣಿಯಲ್ಲಿ ದುಡಿಯುವವನೊಬ್ಬನನ್ನು ನಾಲ್ಕು ಗಂಟೆ ಆಂಬುಲೆನ್ಸಿನಲ್ಲಿ ಕೂರಿಸಿಕೊಂಡೇ ಕರೆತಂದಿದ್ದರು. ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ಹೆಂಡತಿಯ ಕೈಯಲ್ಲಿ ಸ್ಟೀಲಿನ ಚೊಂಬು, ಅದರಲ್ಲೇ ಅವನು ಉಗುಳುತ್ತ ಬಂದದ್ದು. ತೊಡೆಯ ಧಮನಿಯಿಂದ ನಳಿಕೆ ಮೇಲೇರಿಸಿ, ಎದೆಯ ಐದು ಆರನೆಯ ಬೆನ್ನುಮೂಳೆಯ ಮಟ್ಟದಲ್ಲಿ ಮಹಾಧಮನಿಯ ಗೋಡೆಯನ್ನು ತಡಕಬೇಕು. ಶ್ವಾಸನಾಳಗಳಿಗೆ ರಕ್ತ ಕೊಡುವ ಸಣ್ಣ ಧಮನಿಗಳು ಸಾಮಾನ್ಯವಾಗಿ ಅಲ್ಲಿ ಹೊರಡುತ್ತವೆ. ಆರೋಗ್ಯವಂತನಲ್ಲಿ ಅವು ದಾರದಷ್ಟು. ಇವನಲ್ಲಿ ಹಗ್ಗದಷ್ಟು ದಪ್ಪವಾಗಿ ಸುರುಳಿ ಸುತ್ತಿಕೊಂಡಿದ್ದವು. ಮುಚ್ಚುವ ಮೊದಲು ಒಂದು ವಿಷಯವನ್ನು ಎರಡೆರಡು ಸಲ ನೋಡಬೇಕು. ಬೆನ್ನುಹುರಿಗೆ ರಕ್ತ ಕೊಡುವ ಕೂದಲೆಳೆಯಂಥ ನಾಳ ಕೆಲವರಲ್ಲಿ ಇದೇ ಬುಡದಿಂದ ಹೊರಡುತ್ತದೆ. ಅದು ಮುಚ್ಚಿದರೆ ರೋಗಿ ಬದುಕುತ್ತಾನೆ, ಸೊಂಟದ ಕೆಳಗೆ ಮತ್ತೆ ಏಳುವುದಿಲ್ಲ. ಆದ್ದರಿಂದ ಒಳಗಿನ ಕಿರುನಳಿಕೆಯನ್ನು ಆ ಕವಲು ದಾಟಿ ಮುಂದೆ ಸಾಗಿಸಿ, ಮರಳಿನಂಥ ಕಣಗಳನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತೇವೆ. ಪರದೆಯ ಮೇಲೆ ಕೊಂಬೆ ರೆಂಬೆಗಳು ಒಂದೊಂದಾಗಿ ಅಳಿಸಿಹೋಗುತ್ತವೆ. ಅವನು ಬೆಳಗಿನ ಜಾವ ಮೊದಲ ಬಾರಿಗೆ ಮಲಗಿ ನಿದ್ದೆಹೋದ. ಚೊಂಬನ್ನು ತೊಳೆದು ಅದೇ ಚೊಂಬಿನಲ್ಲಿ ಆಕೆ ನಮ್ಮ ತಂತ್ರಜ್ಞರಿಗೆ ಕ್ಯಾಂಟೀನಿನಿಂದ ಕಾಫಿ ತಂದುಕೊಟ್ಟಳು. ಕುಡಿದರು.

ಹೆರಿಗೆಯ ನಂತರದ ರಕ್ತಸ್ರಾವದಲ್ಲಿ ಸಮಯ ಇನ್ನೂ ಕಡಿಮೆ. ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ 500ರಿಂದ 700 ಮಿಲಿಲೀಟರು ರಕ್ತ ಹರಿಯುತ್ತಿರುತ್ತದೆ. ಔಷಧಕ್ಕೂ ಹೊಲಿಗೆಗೂ ಅದು ನಿಲ್ಲದಿದ್ದಾಗ ಗರ್ಭಕೋಶವನ್ನೇ ತೆಗೆಯುವುದು ಹಳೆಯ ದಾರಿ. ಎಷ್ಟೋ ಸಲ ಇಂದಿಗೂ ಸರಿಯಾದ ದಾರಿ ಅದೇ. ಗರ್ಭಕೋಶದ ಎರಡು ಧಮನಿಗಳಿಗೆ ಜೆಲಟಿನ್ ಸ್ಪಂಜಿನ ತುಣುಕುಗಳನ್ನು ಬಿಟ್ಟು ತಾತ್ಕಾಲಿಕವಾಗಿ ಮುಚ್ಚುವುದು ಇನ್ನೊಂದು ದಾರಿ. 1979ರಿಂದಲೂ ವೈದ್ಯಲೋಕಕ್ಕೆ ಗೊತ್ತಿರುವುದು. ಸ್ಪಂಜು ಕೆಲವು ವಾರಗಳಲ್ಲಿ ಕರಗಿ ನಾಳ ಮತ್ತೆ ತೆರೆದುಕೊಳ್ಳುತ್ತದೆ. ಇಪ್ಪತ್ತೊಂದು ವರ್ಷದ, ಚೊಚ್ಚಲ ಹೆರಿಗೆಯ ಹುಡುಗಿಗೆ ಇವೆರಡರ ನಡುವಣ ವ್ಯತ್ಯಾಸವೇನೆಂದು ಈ ಸಭೆಯಲ್ಲಿರುವ ತಾಯಂದಿರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆ ಸ್ಪಂಜಿನ ಬೆಲೆಯೂ ಹೆಚ್ಚಲ್ಲ. ಹಾಳೆಯನ್ನು ಕತ್ತರಿಯಲ್ಲಿ ನಾವೇ ಕತ್ತರಿಸಿಕೊಳ್ಳುತ್ತೇವೆ. ಬೆಲೆಬಾಳುವುದು ಆ ಹೊತ್ತಿನಲ್ಲಿ ಅಲ್ಲಿ ನಿಂತಿರಬೇಕಾದ ಮನುಷ್ಯರು.

ಸರ್ಕಾರಿ ಆಸ್ಪತ್ರೆಯ ತೊಂದರೆ ಎಲ್ಲಿದೆ ಎಂದು ಕೇಳಿದರೆ ಹೊರಗಿನವರು ಯಂತ್ರವಿಲ್ಲ, ಹಣವಿಲ್ಲ ಎನ್ನುತ್ತಾರೆ. ಅದು ಅರ್ಧ ಸತ್ಯ. ಯಂತ್ರ ಕೊಳ್ಳಲು ಹಣ ಹೇಗೋ ಒದಗುತ್ತದೆ; ಉದ್ಘಾಟನೆಗೆ ಯಂತ್ರ ಬೇಕಲ್ಲ. ನಂತರದ ವರ್ಷಗಳಲ್ಲಿ ಅದರ ದುರಸ್ತಿ ಒಪ್ಪಂದ ನವೀಕರಿಸಲು, ತಂತಿ, ನಳಿಕೆ, ಪ್ಲಾಟಿನಂ ಸುರುಳಿಗಳನ್ನು ತರಿಸಲು ಟೆಂಡರು, ಬೇಡಿಕೆಪಟ್ಟಿ, ಒಪ್ಪಿಗೆ, ಮರು ಒಪ್ಪಿಗೆ. ಒಂದು ಆಸ್ಪತ್ರೆಯಲ್ಲಿ ಕೋಟಿಗಟ್ಟಲೆ ಬೆಲೆಯ ಯಂತ್ರ ಸಣ್ಣ ಬಿಡಿಭಾಗಕ್ಕಾಗಿ ತಿಂಗಳುಗಟ್ಟಲೆ ಹೊದಿಕೆ ಹೊದ್ದು ಮಲಗಿದ್ದನ್ನು ಕಂಡಿದ್ದೇನೆ. ರೋಗಿಯ ಹಣದ ಪ್ರಶ್ನೆ ಮೊದಲಿನಷ್ಟು ಕಠಿಣವಾಗಿಲ್ಲವೆಂಬುದನ್ನೂ ಹೇಳಬೇಕು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂದಿತು. 2018ರಲ್ಲಿ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಂದು, ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತವೆಂದಾಯಿತು. ಕಾಗದಪತ್ರ ನೋಡಿಕೊಳ್ಳಲು ಆಸ್ಪತ್ರೆಯಲ್ಲೇ 'ಆರೋಗ್ಯಮಿತ್ರ' ಕುಳಿತಿರುತ್ತಾರೆ. ಹಗಲು ಹೊತ್ತು ಇದು ಚೆನ್ನಾಗಿಯೇ ನಡೆಯುತ್ತದೆ.

ಉಳಿದ ಅರ್ಧ ಸತ್ಯ ರಾತ್ರಿಯದು. ತೂಬು ಇದ್ದರೆ ಸಾಲದು, ಏರಿ ಒಡೆದ ಗಳಿಗೆಯಲ್ಲಿ ನೀರುಗಂಟಿ ಊರಲ್ಲಿರಬೇಕು. ಒಬ್ಬ ವೈದ್ಯನಿಂದ ರಾತ್ರಿಸೇವೆ ನಡೆಯುವುದಿಲ್ಲ. ಇಡೀ ವರ್ಷ, ಎಲ್ಲ ರಾತ್ರಿಗಳಿಗೆ, ಒಬ್ಬನಿಗೂ ಪ್ರಾಣ ಹೋಗದಂತೆ ಪಾಳಿ ಹಂಚಬೇಕಾದರೆ ಕನಿಷ್ಠ ಐದಾರು ತಜ್ಞರು, ಅಷ್ಟೇ ಮಂದಿ ನುರಿತ ದಾದಿಯರು, ತಂತ್ರಜ್ಞರು, ಕರೆದಾಗ ಬರುವ ಅರಿವಳಿಕೆ ವೈದ್ಯರು ಬೇಕೆಂಬುದು ನನ್ನ ಲೆಕ್ಕ. ಮಿದುಳಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅಂಥ ತಂಡವಿದೆ, ಅಲ್ಲಿ ಕಲಿತವರು ನಾಡಿನಾದ್ಯಂತ ಹರಡಿದ್ದಾರೆ. ಆದರೆ ಜಿಲ್ಲೆಗಳ ವೈದ್ಯಕೀಯ ಕಾಲೇಜುಗಳಲ್ಲಿ ಹೆಚ್ಚೆಂದರೆ ಒಬ್ಬರೋ ಇಬ್ಬರೋ, ಅನೇಕ ಕಡೆ ಯಾರೂ ಇಲ್ಲ. ಆ ಒಬ್ಬರೂ ಬೆಳಗಿನಿಂದ ನೂರಾರು ಸ್ಕ್ಯಾನುಗಳ ವರದಿ ಬರೆಯಬೇಕು, ಗರ್ಭಿಣಿಯರ ಸ್ಕ್ಯಾನಿಗೆ 1994ರ ಕಾಯಿದೆ ಕೇಳುವ ನಮೂನೆಗಳನ್ನು ತುಂಬಬೇಕು, ವಿದ್ಯಾರ್ಥಿಗಳಿಗೆ ಪಾಠ ಹೇಳಬೇಕು. ನಡುವೆ ಸಿಕ್ಕ ಹೊತ್ತಿನಲ್ಲಿ ನೀರುಗಂಟಿತನ. ನಮ್ಮಲ್ಲಿ ತರಬೇತಾದ ಹುಡುಗರು ಎರಡು ವರ್ಷದಲ್ಲಿ ಖಾಸಗಿ ಆಸ್ಪತ್ರೆಗೆ ಹೋಗುತ್ತಾರೆ. ಅವರನ್ನು ದೂರುವ ಮನಸ್ಸಿಲ್ಲ. ಸಂಬಳ ನಾಲ್ಕು ಪಟ್ಟು, ಮನೆಸಾಲ ಎಲ್ಲರಿಗೂ ಇದೆ. ಆದರೆ ಖಾಸಗಿ ಆಸ್ಪತ್ರೆಗೆ ನಿಗದಿಯಾದ ದಿನದಂದು ನಡೆದುಬರುವ ರೋಗಿಗಿಂತ, ಆಂಬುಲೆನ್ಸು ಕೊನೆಗೆ ಎಲ್ಲಿ ತಂದು ಇಳಿಸುತ್ತದೋ ಅಲ್ಲಿನ ರೋಗಿಗೆ ಈ ವಿದ್ಯೆ ಹೆಚ್ಚು ಬೇಕು. ಅದು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಬಾಗಿಲು.

ಇದು ಬಡದೇಶದ ರೋಗ ಎಂದು ನೀವು ಕನಿಕರಪಡುವ ಮೊದಲು ನಿಮ್ಮ ಊರಿನ ಮಾತಿಗೂ ಬರುತ್ತೇನೆ. ಪಾರ್ಶ್ವವಾಯುವನ್ನು ತೆಗೆದುಕೊಳ್ಳಿ. ಮಿದುಳಿನ ದೊಡ್ಡ ಧಮನಿಯಲ್ಲಿ ಹೆಪ್ಪು ಸಿಕ್ಕಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು ಅಂದಾಜು. ತೊಡೆಯಿಂದ ನಳಿಕೆ ಕಳಿಸಿ ಆ ಹೆಪ್ಪನ್ನು ಎಳೆದು ತೆಗೆದರೆ ಮಾತು ಕಳೆದುಕೊಂಡವರು ಮೇಜಿನ ಮೇಲೆಯೇ ಮಾತನಾಡಿದ ಪ್ರಸಂಗಗಳಿವೆ. 2015ರಲ್ಲಿ ನೆದರ್‌ಲ್ಯಾಂಡ್ಸಿನ ಅಧ್ಯಯನ ಮೊದಲಾಗಿ ಐದು ಅಧ್ಯಯನಗಳು ಇದರ ಪ್ರಯೋಜನವನ್ನು ಸಂದೇಹಕ್ಕೆಡೆಯಿಲ್ಲದಂತೆ ತೋರಿಸಿದವು. ಲಂಡನ್ ನಗರ 2010ರಲ್ಲೇ ಪಾರ್ಶ್ವವಾಯುವಿನ ತುರ್ತು ಚಿಕಿತ್ಸೆಯನ್ನು ಎಂಟು ಆಸ್ಪತ್ರೆಗಳಲ್ಲಿ ಕೇಂದ್ರೀಕರಿಸಿತು. ನಾರ್ತ್‌ವಿಕ್ ಪಾರ್ಕ್ ಅವುಗಳಲ್ಲೊಂದು. ಹೆಪ್ಪು ಎಳೆಯಬೇಕಾದ ರೋಗಿಯನ್ನು ಅಲ್ಲಿಂದ ಚೇರಿಂಗ್ ಕ್ರಾಸ್ ಆಸ್ಪತ್ರೆಗೆ ಒಯ್ಯುತ್ತಾರೆ. ಇದು ಒಳ್ಳೆಯ ಏರ್ಪಾಡು, ನಾವು ಅಸೂಯೆಪಡುವಂಥದ್ದು. ಆದರೂ ಇಡೀ ಇಂಗ್ಲೆಂಡಿನ ಲೆಕ್ಕ ನೋಡಿ: ಪಾರ್ಶ್ವವಾಯು ರೋಗಿಗಳಲ್ಲಿ ಈ ಚಿಕಿತ್ಸೆ ಪಡೆಯುವವರನ್ನು ಶೇಕಡ 1ರಿಂದ 10ಕ್ಕೆ ಏರಿಸುವುದಾಗಿ ಎನ್.ಎಚ್.ಎಸ್. 2019ರ ತನ್ನ ದೀರ್ಘಾವಧಿ ಯೋಜನೆಯಲ್ಲಿ ಹೇಳಿತು; 2024ರ ಹೊತ್ತಿಗೂ ಆ ಗುರಿಯ ಅರ್ಧ ಮುಟ್ಟಿರಲಿಲ್ಲ. ಕಾರಣ ಅದೇ, ಜನರ ಕೊರತೆ. ವಿಕಿರಣತಜ್ಞರ ರಾಯಲ್ ಕಾಲೇಜು ವರ್ಷ ವರ್ಷವೂ ತನ್ನ ಗಣತಿಯಲ್ಲಿ ಇದನ್ನೇ ಹೇಳುತ್ತಿದೆ. ಈ ದೇಶದಲ್ಲಿಯೂ ನನ್ನ ವೃತ್ತಿಗೆ ಅಧಿಕೃತ ಉಪವಿಭಾಗದ ಮಾನ್ಯತೆ ದೊರೆತದ್ದು 2010ರಲ್ಲಿ, ಎನ್.ಎಚ್.ಎಸ್. ಹುಟ್ಟಿ ಅರವತ್ತೆರಡು ವರ್ಷಗಳಾದ ಮೇಲೆ.

ನಮ್ಮ ವಿದ್ಯೆಯೇ ಎಲ್ಲಕ್ಕೂ ಮೇಲೆಂದು ಸಾರಲು ನಾನು ಬಂದಿಲ್ಲ. ಗರ್ಭಕೋಶದ ಗಡ್ಡೆಗಳಿಗೆ ರಕ್ತ ನಿಲ್ಲಿಸಿ ಕುಗ್ಗಿಸುವ ಚಿಕಿತ್ಸೆಯನ್ನು 1995ರಲ್ಲಿ ಪ್ಯಾರಿಸ್ಸಿನ ವೈದ್ಯರು ಲೋಕಕ್ಕೆ ತಿಳಿಸಿದರು. ನಮ್ಮ ಹೆಣ್ಣುಮಕ್ಕಳಲ್ಲಿ ಬಹುಮಂದಿಗೆ ಇದೊಂದು ಇದೆಯೆಂದೇ ತಿಳಿಯದು. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಇನ್ನೂ ಚಿಕ್ಕ ವಯಸ್ಸಿನ ಬಡ ಹೆಂಗಸರ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆದ ಸುದ್ದಿ ಒಂದು ದಶಕದ ಹಿಂದೆ ಪತ್ರಿಕೆಗಳಲ್ಲಿ ಬಂದಾಗ ನನಗೆ ಊಟ ಸೇರಲಿಲ್ಲ. ಆದರೆ ಬ್ರಿಟನ್ನಿನ 29 ಆಸ್ಪತ್ರೆಗಳಲ್ಲಿ 254 ಮಹಿಳೆಯರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ, ಗರ್ಭಕೋಶ ಉಳಿಸಿ ಗಡ್ಡೆಯನ್ನಷ್ಟೇ ಕೊಯ್ದು ತೆಗೆಸಿಕೊಂಡವರು ಎರಡು ವರ್ಷದ ಕೊನೆಗೆ ನಮ್ಮ ಚಿಕಿತ್ಸೆ ಪಡೆದವರಿಗಿಂತ ಹೆಚ್ಚು ನೆಮ್ಮದಿಯಾಗಿದ್ದರೆಂದು ಕಂಡುಕೊಂಡಿತು. ಕಾಲಿನ ವಿಷಯದಲ್ಲಿ ವಾದ ಇನ್ನೂ ಮುಗಿದಿಲ್ಲ. 2022ರಲ್ಲಿ ಅಮೆರಿಕದ ಒಂದು ಅಧ್ಯಯನ, ಒಳ್ಳೆಯ ಸಿರೆ ದೊರೆತರೆ ಶಸ್ತ್ರಚಿಕಿತ್ಸೆಯ ಬೈಪಾಸೇ ಮೇಲೆಂದಿತು. ಮರುವರ್ಷ ಬರ್ಮಿಂಗ್‌ಹ್ಯಾಮಿನ ನೇತೃತ್ವದಲ್ಲಿ ನಡೆದ ಅಧ್ಯಯನ, ಮೊಣಕಾಲ ಕೆಳಗಿನ ನಾಳಗಳಿಗೆ ಬಲೂನಿನಿಂದ ಆರಂಭಿಸುವುದೇ ಮೇಲೆಂದಿತು. ಒಬ್ಬೊಬ್ಬ ರೋಗಿಯ ಮುಂದೆಯೂ ಶಸ್ತ್ರವೈದ್ಯರೂ ನಾವೂ ಒಟ್ಟಿಗೆ ಕುಳಿತು ನಿರ್ಧರಿಸಬೇಕಾದ ಮಾತು ಇದು. ಆ ಕೂಟದಲ್ಲಿ ನಮಗೊಂದು ಕುರ್ಚಿ ಇರಬೇಕೆಂಬುದಷ್ಟೇ ನನ್ನ ಬೇಡಿಕೆ.

ಕುರ್ಚಿ ಇಲ್ಲದಿರುವುದಕ್ಕೆ ಕಾರಣವೂ ಇದೆ. ನಮ್ಮಲ್ಲಿ ವಿಕಿರಣತಜ್ಞನಿಗೆ ಹೆಚ್ಚಿನ ಕಡೆ ಸ್ವಂತ ವಾರ್ಡಿಲ್ಲ, ಮಂಚವಿಲ್ಲ, ಹೊರರೋಗಿಗಳ ಬಾಗಿಲ ಮೇಲೆ ಹೆಸರಿನ ಹಲಗೆಯಿಲ್ಲ. ಬೇರೊಬ್ಬ ವೈದ್ಯರು ಚೀಟಿ ಬರೆದರೆ ಮಾತ್ರ ರೋಗಿ ನಮ್ಮ ಕತ್ತಲ ಕೋಣೆಗೆ ಬರುತ್ತಾನೆ. ಬರೆಯದಿದ್ದರೆ, ಕಾಲು ಕಳೆದುಕೊಂಡ ಮೇಲೂ, ಇಂಥದೊಂದು ದಾರಿಯಿತ್ತೆಂದು ಅವನಿಗೆ ತಿಳಿಯುವುದಿಲ್ಲ. ಡಾಟರ್ ಅವರ ಅಜ್ಜಿ ಒಲ್ಲೆನೆಂದು ಹಟ ಹಿಡಿದಳು. ನಮ್ಮ ರೈತ ವೈದ್ಯರ ಮುಂದೆ ಕೈಮುಗಿದು ನಿಲ್ಲುತ್ತಾನೆ. "ತಾವು ಹೇಳಿದಂಗೆ ಆಗ್ಲಿ ಸ್ವಾಮಿ" ಎನ್ನುತ್ತಾನೆ.

ಇಲ್ಲಿರುವ ನೀವು ಹಾಗೆ ಕೈಮುಗಿಯಬೇಕಾಗಿಲ್ಲ ಎಂದೇ ಕೆಲವು ವ್ಯಾವಹಾರಿಕ ಮಾತುಗಳು. ನಿಮ್ಮ ತಂದೆತಾಯಿಗಳು ಧಾರವಾಡದಲ್ಲೋ ಶಿವಮೊಗ್ಗದಲ್ಲೋ ಇರುತ್ತಾರೆ, ಮಧ್ಯರಾತ್ರಿ ಫೋನು ಬರುತ್ತದೆ, ಕಾಲು ತೆಗೆಯಬೇಕಂತೆ ಎಂದು. ತಕ್ಷಣ ಪ್ರಾಣಕ್ಕೆ ಕುತ್ತಿಲ್ಲವೆಂದಾದರೆ ಒಂದು ಪ್ರಶ್ನೆ ಕೇಳಿ: ಪಾದದವರೆಗಿನ ಧಮನಿಗಳ ಚಿತ್ರ ತೆಗೆದಿದ್ದಾರೆಯೇ, ಅದನ್ನು ಬಲೂನು ಹಾಕುವವರು ಯಾರಾದರೂ ನೋಡಿದ್ದಾರೆಯೇ? ಚಿತ್ರವನ್ನು ಈಗ ಫೋನಿನಲ್ಲೇ ಕಳಿಸಬಹುದು. ಮುಖ ಸೊಟ್ಟಗಾಗಿ ಕೈ ಬಿದ್ದುಹೋದರೆ, ಮಲಗಿ ಏಳಲಿ ನೋಡೋಣ ಎನ್ನಬೇಡಿ. ಹತ್ತಿರದ ಆಸ್ಪತ್ರೆ ಯಾವುದೆಂದು ಕೇಳುವುದಕ್ಕಿಂತ ಆ ಹೊತ್ತಿನಲ್ಲಿ ಸಿ.ಟಿ. ಸ್ಕ್ಯಾನು ನಡೆಯುವ ಆಸ್ಪತ್ರೆ ಯಾವುದೆಂದು ಮೊದಲೇ ತಿಳಿದಿಟ್ಟುಕೊಳ್ಳಿ. ಬಡತನ ರೇಖೆಯ ಮೇಲಿರುವ ನಿಮ್ಮ ಹಿರಿಯರಿಗೂ ನಾನು ಹೇಳಿದ 2018ರ ಯೋಜನೆ, ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿಯ ಮಿತಿಯೊಳಗೆ ಸರ್ಕಾರಿ ದರದ ಶೇಕಡ 30ನ್ನು ಭರಿಸುವಂತೆ ರೂಪುಗೊಂಡಿದೆ. ಕಾರ್ಡು ಮಾಡಿಸಿ ಇಟ್ಟಿರಲಿ, ಮಗ ಲಂಡನ್ನಿನಲ್ಲಿದ್ದಾನೆಂಬ ಬಿಗುಮಾನ ಬೇಡ. ಇಲ್ಲಿ ಸಕ್ಕರೆ ಕಾಯಿಲೆಯಿರುವವರು ವರ್ಷಕ್ಕೊಮ್ಮೆ ಎನ್.ಎಚ್.ಎಸ್. ಮಾಡುವ ಪಾದ ತಪಾಸಣೆಯ ಕಾಗದ ಬಂದರೆ ಅದನ್ನು ಜಾಹೀರಾತಿನ ಕಾಗದಗಳ ಜೊತೆ ಎಸೆಯಬೇಡಿ.

ನಮ್ಮ ಆಸ್ಪತ್ರೆಗಳಿಗೆ ಏನು ಕೊಡಬಹುದೆಂದು ನಿಮ್ಮಲ್ಲಿ ಕೆಲವರು ಚಹಾದ ಹೊತ್ತಿನಲ್ಲಿ ಕೇಳಿದಿರಿ. ಯಂತ್ರ ಬೇಡ. ನಿಮ್ಮಲ್ಲಿರುವ ವೈದ್ಯರು, ದಾದಿಯರು, ರೇಡಿಯೋಗ್ರಾಫರುಗಳು ರಜೆಗೆ ಬಂದಾಗ ಎರಡು ವಾರ ನಮ್ಮ ಜಿಲ್ಲಾ ಕಾಲೇಜುಗಳ ಹುಡುಗರ ಪಕ್ಕದಲ್ಲಿ ನಿಂತು ಕೈಹಿಡಿದು ಕಲಿಸಿದರೆ, ರಾತ್ರಿಪಾಳಿಗೆ ಇನ್ನೊಬ್ಬರು ಸಿಗುತ್ತಾರೆ. ಅನುಮತಿಯ ಕಾಗದಗಳಿಗೆ ಎಷ್ಟು ಓಡಾಡಬೇಕೋ ಅಷ್ಟನ್ನೂ ನಾನು ಓಡಾಡುತ್ತೇನೆ. ಆ ವಿದ್ಯೆಯಲ್ಲಿ ನನಗೆ ಇಪ್ಪತ್ತು ವರ್ಷದ ಅನುಭವವಿದೆ.

ಕೆಲವು ಚಿತ್ರಗಳನ್ನು ತಂದಿದ್ದೇನೆ, ಹೆಸರು ಗುರುತುಗಳನ್ನು ಅಳಿಸಿದ್ದೇನೆ. ರಕ್ತ ಕಾಣುವಂಥವು ಯಾವುವೂ ಇಲ್ಲ, ಮಕ್ಕಳೂ ನೋಡಬಹುದು. ಹಿಂದಿನ ಸಾಲಿನವರು ದಯವಿಟ್ಟು ದೀಪ ಆರಿಸಿದರೆ, ಆ ಕಲ್ಲುಗಣಿಯವನ ಎದೆಯ ಚಿತ್ರದಿಂದಲೇ ಆರಂಭಿಸುತ್ತೇನೆ.